ಒಂಬತ್ತು ವರ್ಷದವನೂ ಒಂದು ವರ್ಷದವನೂ

ನಮ್ಮ ಕಡೆ ಆಟಗಾರರನ್ನು ಕೊಟ್ಟು ತರುವ ಪದ್ಧತಿ ಇಲ್ಲ. ವಾಲಿಬಾಲ್ ಟೂರ್ನಮೆಂಟಿಗೆ ಹೊರಗಿನಿಂದ ಒಬ್ಬ ಹೊಡೆಯುವವನನ್ನು ಕರೆಸುವುದುಂಟು. ಅವನಿಗೆ ಬಸ್ಸು ಚಾರ್ಜು, ಊಟ, ಕೈಗೆ ಸ್ವಲ್ಪ ದುಡ್ಡು. ರಾತ್ರಿ ಫೈನಲ್ ಮುಗಿದರೆ ಅವನ ದಾರಿ ಅವನಿಗೆ. ಯಕ್ಷಗಾನದಲ್ಲಾದರೆ ಪತ್ತನಾಜೆ ಕಳೆದ ಮೇಲೆ ಇಂಥ ವೇಷಧಾರಿ ಬರುವ ತಿರುಗಾಟಕ್ಕೆ ಆ ಮೇಳ ಬಿಟ್ಟು ಈ ಮೇಳಕ್ಕಂತೆ ಎಂಬ ಸುದ್ದಿ ಹೋಟೆಲಿನ ಬೆಂಚಿನಲ್ಲಿ ಹುಟ್ಟುತ್ತದೆ. ಚಾ ತಣಿಯುವ ಮೊದಲು ಎರಡು ಪಂಗಡವೂ ಆಗುತ್ತದೆ. ಆದರೆ ಅಲ್ಲಿ ಹೋಗುವವನು ತಾನಾಗಿ ಹೋಗುತ್ತಾನೆ. ಒಬ್ಬ ಯಜಮಾನರು ಇನ್ನೊಬ್ಬ ಯಜಮಾನರಿಗೆ ಫೋನು ಮಾಡಿ, "ನಮ್ಮ ಪುಂಡುವೇಷದವನನ್ನು ನೀವು ಇಟ್ಟುಕೊಳ್ಳಿ, ನಿಮ್ಮ ಬಣ್ಣದ ವೇಷದವರನ್ನು ನಮಗೆ ಕಳಿಸಿ, ಮುಂದಿನ ವರ್ಷ ಹೆಜ್ಜೆ ಕಲಿತು ಬರುವ ಒಬ್ಬ ಹುಡುಗನನ್ನೂ ಮೇಲಿಂದ ಕೊಡುತ್ತೇವೆ" ಎಂದು, ವೇಷ ಕಟ್ಟುವವನನ್ನು ಒಂದು ಮಾತು ಕೇಳದೆ ಮುಗಿಸುವ ಕ್ರಮ ಇಲ್ಲ. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ಉಂಟು. ಅದಕ್ಕೆ ಟ್ರೇಡ್ ಎನ್ನುತ್ತಾರೆ.

ಬಾಸ್ಕೆಟ್‌ಬಾಲ್ ನಮ್ಮ ಊರಿನ ಆಟವಲ್ಲ. ಹೈಸ್ಕೂಲಿನ ಮೈದಾನದ ತುದಿಯಲ್ಲಿ ಬಲೆ ಹರಿದ ಒಂದು ರಿಂಗು ಇತ್ತು, ಅದರ ಕಂಬಕ್ಕೆ ಮಕ್ಕಳು ಸೈಕಲ್ ಒರಗಿಸುತ್ತಿದ್ದರು. ನನಗೆ ಅದರ ಪರಿಚಯ ಆದದ್ದು ಅರುವತ್ತು ದಾಟಿದ ಮೇಲೆ, ಟೊರೊಂಟೊದಲ್ಲಿ. ಹಾಗಾಗಿ ಓದುವವರಿಗೆ ಬೇಕಾದಷ್ಟನ್ನೇ ಹೇಳುತ್ತೇನೆ. ಐದೈದು ಜನ, ಹತ್ತು ಅಡಿ ಎತ್ತರದಲ್ಲಿ ರಿಂಗು, ಚೆಂಡು ಅದರೊಳಗೆ ಬೀಳಬೇಕು. ಎನ್‌ಬಿಎ ಎಂಬ ದೊಡ್ಡ ಲೀಗಿನಲ್ಲಿ 30 ತಂಡಗಳು. 29 ಅಮೆರಿಕದವು, ಒಂದು ಮಾತ್ರ ಕೆನಡಾದ್ದು. ಅದೇ ಟೊರೊಂಟೊ ರ‍್ಯಾಪ್ಟರ್ಸ್, 1995ರಲ್ಲಿ ಶುರುವಾದ ತಂಡ. ಆಟಗಾರ ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಸಂಬಳ ಎಂದು ತಂಡದೊಂದಿಗೆ ಕರಾರು ಮಾಡುತ್ತಾನೆ. ಕರಾರು ಮುಗಿದ ಮೇಲೆ ಅವನು ಸ್ವತಂತ್ರ, ಬೇಕಾದಲ್ಲಿ ಹೋಗಬಹುದು. ಕರಾರು ಇರುವಷ್ಟು ಕಾಲ ಮಾತ್ರ ತಂಡವು ಅವನನ್ನು ಇನ್ನೊಂದು ತಂಡಕ್ಕೆ ದಾಟಿಸಬಹುದು. ಬೇಡ ಎನ್ನುವ ಹಕ್ಕು ಬೆರಳೆಣಿಕೆಯವರಿಗಷ್ಟೇ.

ಇದರಲ್ಲಿ ಒಂದು ಲೆಕ್ಕ ಉಂಟು. ಸಂಬಳದ ಮಿತಿ ದಾಟಿದ ತಂಡಗಳು ಕೊಡುವ ಸಂಬಳದ ಮೊತ್ತಕ್ಕೂ ತರುವ ಸಂಬಳದ ಮೊತ್ತಕ್ಕೂ ಹೆಚ್ಚು ಅಂತರ ಇರಬಾರದು. ಅಂದರೆ ದೊಡ್ಡ ತಾರೆಯನ್ನು ತರಬೇಕಾದರೆ ದೊಡ್ಡ ಸಂಬಳದ ಒಬ್ಬನನ್ನು ಕೊಡಲೇಬೇಕು. ದೊಡ್ಡ ಸಂಬಳದವನು ಅಂದರೆ ಸಾಮಾನ್ಯವಾಗಿ ಆ ಊರಿನವರ ಪ್ರೀತಿಯವನು. ಅದರ ಮೇಲೆ, ಪ್ರತಿವರ್ಷ ಹೊಸ ಹುಡುಗರನ್ನು ಆರಿಸುವ ಸರದಿ ಎಂದು ಉಂಟು. ಆ ಸರದಿಯನ್ನೂ ಕೊಟ್ಟು ಬಿಡಬಹುದು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವು ಗಾದೆಯಲ್ಲಿ ಕೇಳಿದ್ದು. ಅಲ್ಲಿ ಹುಟ್ಟದ ಕೂಸನ್ನೇ ಕೊಟ್ಟು ಬೇರೊಬ್ಬರ ಮನೆಯ ಮಗನನ್ನು ತರುತ್ತಾರೆ.

2018ರ ಮೇ ತಿಂಗಳಿನಿಂದ ಅಕ್ಟೋಬರಿನ ತನಕ ನಾನೂ ನನ್ನಾಕೆಯೂ ಮಗನ ಮನೆಯಲ್ಲಿದ್ದೆವು. ಟೊರೊಂಟೊದ ಪೂರ್ವಭಾಗದ ಸ್ಕಾರ್‌ಬರೋ ಎಂಬಲ್ಲಿ ಅವನ ಬಾಡಿಗೆ ಫ್ಲಾಟು. ಶನಿವಾರ ಸಂಜೆ ಅವನ ಮಿತ್ರರು ಬರುತ್ತಿದ್ದರು. ಒಬ್ಬ ಪಂಜಾಬಿ, ಬ್ರ್ಯಾಂಪ್ಟನ್ನಿನಿಂದ ಬರುವವನು, ಲಾರಿ ಕಂಪೆನಿಯೊಂದರಲ್ಲಿ ಕೆಲಸ. ಇನ್ನೊಬ್ಬ ಜಾಫ್ನಾ ಕಡೆಯ ತಮಿಳರ ಮಗ, ಅಲ್ಲೇ ಹುಟ್ಟಿ ಬೆಳೆದವನು. ಮೂರನೆಯವನು ನಮ್ಮ ಪಯ್ಯನ್ನೂರಿನವನು, ಲೆಕ್ಕಪತ್ರದ ಕೆಲಸ, ನನ್ನನ್ನು "ಮಾಷೇ" ಎಂದು ಕರೆದು ಮಲಯಾಳದಲ್ಲೇ ಮಾತಾಡುವವನು. ಆ ಜೂನ್, ಜುಲೈ ಪೂರ್ತಿ ಅವರಿಗೆ ಒಂದೇ ಚರ್ಚೆ. ಕವಾಯ್ ಲೆನಾರ್ಡ್‌ನನ್ನು ತರುವುದೋ, ತರುವುದಾದರೆ ಯಾರನ್ನು ಕೊಟ್ಟು?

ಲೆನಾರ್ಡ್ ಅಂದರೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದವನು. 2014ರಲ್ಲಿ ಆ ತಂಡ ಗೆದ್ದಾಗ ಫೈನಲಿನ ಶ್ರೇಷ್ಠ ಆಟಗಾರ. ಮಾತು ಬಹಳ ಕಡಿಮೆ, ನಗು ಅದಕ್ಕಿಂತ ಕಡಿಮೆ. ತೊಡೆಯ ಸ್ನಾಯುವಿನ ನೋವಿನಿಂದ 2017-18ರಲ್ಲಿ 9 ಆಟ ಮಾತ್ರ ಆಡಿದ್ದ. ಆ ನೋವಿನ ಚಿಕಿತ್ಸೆಯ ವಿಷಯದಲ್ಲೇ ತಂಡಕ್ಕೂ ಅವನಿಗೂ ಮನಸ್ಸು ಮುರಿದು ತನ್ನನ್ನು ಬೇರೆ ಕಡೆ ಕಳಿಸಿ ಎಂದು ಕೇಳಿದ್ದ. ಅವನ ಮನಸ್ಸಿನಲ್ಲಿರುವುದು ತನ್ನ ಊರಿನ ಕಡೆ, ಲಾಸ್ ಏಂಜಲಿಸ್, ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ವರ್ಷ ಕಳೆದರೆ ಅವನು ಸ್ವತಂತ್ರನಾಗಬಹುದಿತ್ತು. ಹಾಗಾದರೆ ಕೊಟ್ಟು ತಂದರೂ ಒಂದು ವರ್ಷದ ನೆಂಟ.

ಟೊರೊಂಟೊದಲ್ಲಿ ಕೊಡಲು ಇದ್ದವನು ಡೆಮಾರ್ ಡೆರೋಜನ್. ಅವನೂ ಲಾಸ್ ಏಂಜಲಿಸ್ ಕಡೆಯವನೇ, ಕಾಂಪ್ಟನ್ ಎಂಬ ಬಡವರ ಪೇಟೆಯಲ್ಲಿ ಬೆಳೆದವನು. 2009ರಲ್ಲಿ ಹುಡುಗರ ಸರದಿಯಲ್ಲಿ ಒಂಬತ್ತನೆಯವನಾಗಿ ಟೊರೊಂಟೊಕ್ಕೆ ಬಂದು ಒಂಬತ್ತು ಸೀಸನ್ ಆಡಿದ. ಆ ತಂಡಕ್ಕೆ ಅವನಷ್ಟು ಪಾಯಿಂಟು ಮಾಡಿದವರು ಇನ್ನೊಬ್ಬರಿರಲಿಲ್ಲ. ಅದಕ್ಕಿಂತ ದೊಡ್ಡ ವಿಷಯ ಅವನು ಉಳಿದದ್ದು. ಈ ಉಳಿಯುವುದರ ಬೆಲೆ ಗೊತ್ತಾಗಬೇಕಾದರೆ ಆ ಊರಿನ ಹಿಂದಿನ ಕತೆ ಗೊತ್ತಿರಬೇಕು. ಟ್ರೇಸಿ ಮೆಕ್‌ಗ್ರೇಡಿ 2000ದಲ್ಲಿ ಬಿಟ್ಟುಹೋದ. ಊರಿಗೆ ಊರೇ ತಲೆಮೇಲೆ ಹೊತ್ತು ಕುಣಿದ ವಿನ್ಸ್ ಕಾರ್ಟರ್ 2004ರಲ್ಲಿ ಮನಸ್ಸು ಕೆಟ್ಟು ಹೋದ. ಕ್ರಿಸ್ ಬಾಷ್ 2010ರಲ್ಲಿ ಮಯಾಮಿಗೆ ಹೋದ. ಕೆನಡಾದ ಚಳಿಯೂ ಬೇಡ, ದೂರವೂ ಬೇಡ ಎಂದು ತಾರೆಗಳು ಬಿಟ್ಟುಹೋಗುವ ಊರು ಎಂದೇ ಅದಕ್ಕೆ ಹೆಸರು. ಡೆರೋಜನ್ 2016ರಲ್ಲಿ ಸ್ವತಂತ್ರನಾದಾಗ ಬೇರೆ ತಂಡದವರನ್ನು ಭೇಟಿ ಕೂಡ ಮಾಡದೆ ಐದು ವರ್ಷಕ್ಕೆ ಪುನಃ ಅಲ್ಲೇ ಸಹಿ ಹಾಕಿದ. 139 ಮಿಲಿಯನ್ ಡಾಲರಿನ ಕರಾರು, ಅದನ್ನು ಮುಚ್ಚಿಡಬಾರದು. 

ತಮಿಳು ಹುಡುಗನ ವಾದ ಇಲ್ಲಿಂದ ಹೊರಡುತ್ತಿತ್ತು. ಅವನು ಮೂರನೇ ಕ್ಲಾಸಿನಲ್ಲಿದ್ದಾಗ ಅವನ ಅಪ್ಪ ಕಷ್ಟಪಟ್ಟು ತೆಗೆದುಕೊಟ್ಟದ್ದು ಕಾರ್ಟರನ ಹೆಸರಿನ ಬನಿಯನ್. ಕಾರ್ಟರ್ ಹೋದ ಮೇಲೆ ಅದನ್ನು ಹಾಕಿಕೊಂಡು ಶಾಲೆಗೆ ಹೋಗಲಿಕ್ಕೆ ನಾಚಿಕೆಯಾಗುತ್ತಿತ್ತಂತೆ, ಬೇರೆ ಅಂಗಿ ತೆಗೆಯಲಿಕ್ಕೆ ದುಡ್ಡು ಇರಲಿಲ್ಲವಂತೆ. "ಉಳಿಯುತ್ತೇನೆ ಅಂದವನನ್ನು ನಾವು ಕಳಿಸಿದರೆ, ನಾಳೆ ಯಾವ ಆಟಗಾರ ನಮ್ಮನ್ನು ನಂಬ್ತಾನೆ ಅಂಕಲ್?" ಎಂದು ನನ್ನನ್ನೇ ಕೇಳುತ್ತಿದ್ದ.

ಪಯ್ಯನ್ನೂರಿನವನ ಹತ್ತಿರ ಪಟ್ಟಿ ಇರುತ್ತಿತ್ತು. ಡೆರೋಜನ್ ಸಂಬಳ 27.7 ಮಿಲಿಯನ್, ಲೆನಾರ್ಡ್‌ನದ್ದು 23.1. ಅವನ ಸಿದ್ಧಾಂತ ಒಂದೇ. ಈ ತಂಡ ಸಾಧಾರಣ ತಂಡಗಳನ್ನು ಸೋಲಿಸಲಿಕ್ಕೆ ಸಾಕು, ಕೊನೆಯ ಎರಡು ಸುತ್ತಿಗೆ ಸಾಲದು. ಅದು ಸುಳ್ಳಲ್ಲ. 2018ರಲ್ಲಿ 82ರಲ್ಲಿ 59 ಆಟ ಗೆದ್ದು ಪೂರ್ವ ವಿಭಾಗಕ್ಕೇ ಮೊದಲಿಗರಾದವರು, ಕ್ಲೀವ್‌ಲ್ಯಾಂಡ್ ತಂಡದ ಲೆಬ್ರಾನ್ ಜೇಮ್ಸ್ ಎದುರು ಒಂದೂ ಗೆಲ್ಲದೆ 4-0ಗೆ ಸೋತರು. ಹಿಂದಿನ ವರ್ಷವೂ ಅದೇ ಲೆಬ್ರಾನ್, ಅದೇ 4-0. ಅದರ ಹಿಂದಿನ ವರ್ಷವೂ ಅವನಿಗೇ ಸೋತದ್ದು. ಕೋಚ್ ಡ್ವೇನ್ ಕೇಸಿಯವರನ್ನು ತೆಗೆದುಹಾಕಿದರು. ತಮಾಷೆಯೋ ದುಃಖವೋ, ತೆಗೆದುಹಾಕಿದ ಮರುತಿಂಗಳು ಆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಅವರಿಗೇ ಬಂತು.

ಜುಲೈ ಮೊದಲ ವಾರ ಒಂದು ಹೊಸ ವಿಷಯ ಸೇರಿತು. ಲೆಬ್ರಾನ್ ಪೂರ್ವ ವಿಭಾಗ ಬಿಟ್ಟು ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡಕ್ಕೆ ಹೋದ. ದಾರಿಯ ಬಂಡೆಕಲ್ಲು ತಾನಾಗಿ ಸರಿಯಿತು. ಇದೇ ಒಂದು ವಿಷಯ ಹಿಡಿದು ಎರಡು ಕಡೆಯವರೂ ವಾದಿಸಿದ್ದು ನೋಡಿ ನನಗೆ ನಮ್ಮ ತಾಳಮದ್ದಳೆಯ ನೆನಪಾಯಿತು. ಮಗ ಹೇಳಿದ, ದಾರಿ ಬಿಟ್ಟಿದೆ, ಈಗಲೇ ಒಬ್ಬ ದೊಡ್ಡವನನ್ನು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ತಮಿಳು ಹುಡುಗ ಹೇಳಿದ, ದಾರಿ ಬಿಟ್ಟಿದೆಯಲ್ಲ, ಹಾಗಾದರೆ ಇದ್ದವರೇ ಗೆಲ್ಲುತ್ತಾರೆ, ಕೊಡುವುದೇಕೆ? ಎರಡೂ ಸರಿ. ಇಬ್ಬರಿಗೂ ಉತ್ತರ ಇಲ್ಲ. ಪಂಜಾಬಿ ಹುಡುಗ ನಡುವಿನವನು. ಡೆರೋಜನ್‌ನನ್ನು ಬೇಕಾದರೆ ಕೊಡಿ, ಆದರೆ ಪಾಸ್ಕಲ್ ಸಿಯಾಕಮ್, ಓಜಿ ಅನುನೊಬಿ ಎಂಬ ಎಳೆಯ ಹುಡುಗರನ್ನು ಮುಟ್ಟಬೇಡಿ ಎಂದು. ಬಿತ್ತಿಗಿಟ್ಟ ಭತ್ತ ಬೇಯಿಸಿ ತಿನ್ನಬಾರದು ಎಂದು ಅವನ ಅಜ್ಜ ಹೇಳುತ್ತಿದ್ದರಂತೆ. ಅವರದ್ದು ಗೋಧಿ ಇರಬೇಕು, ನಾನು ನಮ್ಮ ಮಾತಿಗೆ ತಂದೆ.

ನಾನು ಒಂದು ಸಾರಿ ಮಾತ್ರ ನಡುವೆ ಬಾಯಿ ಹಾಕಿದೆ. "ಆ ಹುಡುಗನನ್ನು ಯಾರಾದರೂ ಕೇಳಿದ್ದಾರಾ?" ಎಂದೆ.

"ಎಂತ ಕೇಳುವುದು ಅಪ್ಪಾ? ಕರಾರಿನಲ್ಲಿ ಉಂಟಲ್ಲ" ಅಂದ ಮಗ.

ಇದೆಲ್ಲ ನಿರ್ಧಾರ ಮಾಡುವವರು ತಂಡದ ಅಧ್ಯಕ್ಷ ಮಸಾಯ್ ಉಜಿರಿ. ಟಿ.ವಿ.ಯಲ್ಲಿ ಆ ಹೆಸರು ಕೇಳಿದ ನನ್ನಾಕೆ, "ನಮ್ಮ ಉಜಿರೆಯವರಾ?" ಎಂದು ಅಡಿಗೆ ಕೋಣೆಯಿಂದ ಓಡಿಬಂದದ್ದುಂಟು. ಉಜಿರೆಯವರಲ್ಲ, ನೈಜೀರಿಯದ ಜಾರಿಯಾ ಎಂಬ ಊರಿನಲ್ಲಿ ಬೆಳೆದವರು. ಆಟಗಾರರನ್ನು ಹುಡುಕಿ ಕೊಡುವ ಕೆಲಸವನ್ನು ಮೊದಲಿಗೆ ಸಂಬಳವಿಲ್ಲದೆ ಮಾಡಿ ಮೇಲೆ ಬಂದವರು. ದಡ್ಡರಲ್ಲ, ಕಲ್ಲುಹೃದಯದವರೂ ಅಲ್ಲ. ಅದಕ್ಕೇ ಈ ವಿಷಯ ಯೋಚನೆಗೆ ಯೋಗ್ಯ.

ಜುಲೈ 18ಕ್ಕೆ ಸುದ್ದಿ ಬಂತು. ಡೆರೋಜನ್, ಯಾಕೊಬ್ ಪೋಲ್ಟಲ್ ಎಂಬ ಆಸ್ಟ್ರಿಯಾದ ಎತ್ತರದ ಹುಡುಗ, ಮತ್ತು 2019ರ ಒಂದು ಸರದಿ ಸ್ಯಾನ್ ಆಂಟೋನಿಯೋಗೆ. ಲೆನಾರ್ಡ್ ಮತ್ತು ಡ್ಯಾನಿ ಗ್ರೀನ್ ಟೊರೊಂಟೊಕ್ಕೆ. ಪಂಜಾಬಿಯ ಆಸೆಯಂತೆ ಎಳೆಯರಿಬ್ಬರೂ ಉಳಿದರು. ಪಯ್ಯನ್ನೂರಿನವನು ಫೋನಿನಲ್ಲಿ ಸಂಬಳ ಕೂಡಿಸಿ, 30.7ಕ್ಕೆ 33.1, ಸರಿಯಾಯ್ತು ಎಂದ. ತಮಿಳು ಹುಡುಗ ಆ ಶನಿವಾರ ಬರಲಿಲ್ಲ.

ಡೆರೋಜನ್‌ಗೆ ಇದು ಗೊತ್ತಾದದ್ದು ಹೇಗೆಂಬುದೇ ಮತ್ತೆ ಒಂದು ವಾರ ಚರ್ಚೆ. ಅದಕ್ಕೆ ಕೆಲವೇ ದಿನ ಮುಂಚೆ ತಂಡದವರೊಂದಿಗೆ ಮಾತಾಡಿದಾಗ ತನ್ನನ್ನು ಕೊಡುವುದಿಲ್ಲ ಎಂದೇ ಅವನಿಗೆ ಅರ್ಥವಾಗಿತ್ತು. ಹೇಳಿದ್ದು ಒಂದು ಆದದ್ದು ಇನ್ನೊಂದು, ಈ ಆಟದಲ್ಲಿ ನಿಷ್ಠೆ ಎಂಬುದಿಲ್ಲ ಎಂಬ ಅರ್ಥದ ಮಾತನ್ನು ಅವನು ಎಲ್ಲರಿಗೂ ಕಾಣುವಂತೆ ಬರೆದ. ಉಜಿರಿಯವರು ಪತ್ರಕರ್ತರ ಎದುರು ಕೂತು ಮಾತು ತಿಳಿಸುವುದರಲ್ಲಿ ಅಂತರ ಬಿದ್ದಿರಬಹುದು ಎಂದು ಅವನ ಕ್ಷಮೆ ಕೇಳಿದರು. ಅದೇ ವರ್ಷ ಫೆಬ್ರವರಿಯಲ್ಲಿ ಈ ಡೆರೋಜನ್ ತನಗೆ ಖಿನ್ನತೆ ಕಾಡುತ್ತದೆ ಎಂದು ಬಹಿರಂಗವಾಗಿ ಹೇಳಿದ್ದ. ಆರೂವರೆ ಅಡಿ ಎತ್ತರದ, ಕೋಟಿಗಟ್ಟಲೆ ಸಂಪಾದಿಸುವ ಗಂಡಸು ಹಾಗೆ ಹೇಳಿದ್ದು ಆ ಲೀಗಿನಲ್ಲಿ ದೊಡ್ಡ ಸಂಗತಿಯಾಯಿತು. ಅವನನ್ನು ನೋಡಿ ಕೆವಿನ್ ಲವ್ ಎಂಬ ಎದುರಾಳಿ ತಂಡದವನೂ ತನ್ನ ಕಷ್ಟ ಬರೆದ. ಇಂಥವನಿಗೆ ಐದು ತಿಂಗಳೊಳಗೆ ಹೀಗೆ.

"ವರ್ಷಕ್ಕೆ ಇನ್ನೂರು ಕೋಟಿ ರೂಪಾಯಿಯ ಹತ್ತಿರ ಸಿಗುವವನಿಗೆ ಎಂತ ದುಃಖ ಮಾಷೇ?" ಎಂದು ಪಯ್ಯನ್ನೂರಿನವನು ಕೇಳಿದ. ಅದು ತೆಗೆದುಹಾಕುವ ಪ್ರಶ್ನೆಯಲ್ಲ. ನಮ್ಮಲ್ಲಿ ಅಡಕೆಗೆ ಕೊಳೆರೋಗ ಬಂದು ವರ್ಷದ ಬೆಳೆ ಹೋದವನ ದುಃಖದ ಪಕ್ಕದಲ್ಲಿ ಇದನ್ನು ಇಡಲಿಕ್ಕಾಗುವುದಿಲ್ಲ. ಆದರೆ ನನಗೆ ದುಡ್ಡಿನ ಮಾತು ಅಲ್ಲಿ ಹೊಂದಲಿಲ್ಲ. ಯಾಕೆಂದು ಹೇಳಬೇಕಾದರೆ ನನ್ನದೇ ಕತೆ ಹೇಳಬೇಕು.

ನಾನು ಒಂದು ಅನುದಾನಿತ ಶಾಲೆಯ ಕನ್ನಡ ಮಾಧ್ಯಮದಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವನು. ಮಕ್ಕಳು ಕಡಿಮೆಯಾಗುತ್ತ ಬಂದರು. ಯಾಕೆ ಕಡಿಮೆಯಾದರು ಎಂದು ಈ ಪುಸ್ತಕ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಜೂನಿನಲ್ಲಿ ತಲೆಯೆಣಿಕೆಗೆ ಐದು ಮಕ್ಕಳು ಸಾಲದೆ ಡಿವಿಜನ್ ಬಿತ್ತು, ನನ್ನ ಪೋಸ್ಟೂ ಬಿತ್ತು. ಹಿಂದಿನ ವಾರ ಕೂಡ "ನಿಮಗೇನೂ ಆಗ್ಲಿಕ್ಕಿಲ್ಲ ಮಾಷ್ಟ್ರೇ" ಎಂದೇ ಆಡಳಿತದವರು ಹೇಳಿದ್ದು. ಕೆಲಸ ಹೋಗಲಿಲ್ಲ, ಸಂಬಳ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಪ್ರೊಟೆಕ್ಟೆಡ್ ಟೀಚರ್ ಎಂದು ಹೆಸರು ಕೊಟ್ಟು ಎರಡು ಬಸ್ಸು ಹಿಡಿಯುವ ದೂರದ ಇನ್ನೊಂದು ಶಾಲೆಗೆ ಹಾಕಿದರು. ಏಳನೇ ಕ್ಲಾಸಿಗೆ ಬಡ್ಡಿಯ ಲೆಕ್ಕ ಅರ್ಧ ಆಗಿತ್ತು. ಹೊಸ ಶಾಲೆಯವರು ಒಳ್ಳೆಯವರೇ, ಅಲ್ಲಿಂದಲೇ ನಿವೃತ್ತನಾದೆ. ಆದರೆ ಆ ಮೊದಲ ದಿನ ಬಸ್ಸಿನಲ್ಲಿ ಕೂತಾಗ ಸಂಬಳದ ವಿಷಯ ನನ್ನ ತಲೆಯಲ್ಲಿ ಇರಲೇ ಇಲ್ಲ. ಹನ್ನೊಂದು ವರ್ಷದಲ್ಲಿ ನನಗೆ ಒಂದು ಮಾತು ಮೊದಲೇ ಹೇಳುವಷ್ಟು ಲೆಕ್ಕಕ್ಕೆ ನಾನು ಇರಲಿಲ್ಲವಲ್ಲ ಎಂಬುದೇ ಇದ್ದದ್ದು.

ಟೊರೊಂಟೊ ಕೊಟ್ಟ ಆ 2019ರ ಸರದಿಗೂ ಪ್ರೊಟೆಕ್ಟೆಡ್ ಎಂದೇ ಹೇಳುತ್ತಾರೆ. ಮೊದಲ 20ರೊಳಗೆ ಬಂದರೆ ಅದು ಟೊರೊಂಟೊದಲ್ಲೇ ಉಳಿಯುತ್ತದೆ, ಹಿಂದಕ್ಕೆ ಬಿದ್ದರೆ ಮಾತ್ರ ಸ್ಯಾನ್ ಆಂಟೋನಿಯೋಗೆ. ಪಯ್ಯನ್ನೂರಿನವನು ಇದನ್ನು ವಿವರಿಸುವಾಗ ನಾನು ನಕ್ಕೆ. ಅಲ್ಲಿ ಕಾಗದಕ್ಕೆ ರಕ್ಷಣೆ ಉಂಟು, ಮನುಷ್ಯನಿಗಿಲ್ಲ. ಅವನ ಅಮ್ಮ ಕೂಡ ಟೀಚರಂತೆ, ಅವನೂ ನಕ್ಕ.

ನಾವು ಅಕ್ಟೋಬರಿನಲ್ಲಿ ಊರಿಗೆ ಬಂದೆವು. ಆ ಮೇಲಿನದ್ದೆಲ್ಲ ನಾನು ಮಗ ಕಳಿಸಿದ ವಿಡಿಯೋಗಳಲ್ಲೂ ಫೋನಿನಲ್ಲೂ ಕಂಡದ್ದು. ಹೊಸ ಕೋಚ್ ನಿಕ್ ನರ್ಸ್. ಲೆನಾರ್ಡ್‌ನನ್ನು ಅವರು ಮೊಟ್ಟೆಯಂತೆ ನೋಡಿಕೊಂಡರು. 82ರಲ್ಲಿ 60 ಆಟ ಮಾತ್ರ ಆಡಿಸಿ ಉಳಿದದ್ದಕ್ಕೆ ಬೆಂಚಿನಲ್ಲಿ ಕೂರಿಸಿದರು. ಜನವರಿ 3ಕ್ಕೆ ಅವನು ಹಳೆಯ ಊರಿಗೆ ಆಡಲು ಹೋದಾಗ ಸ್ಯಾನ್ ಆಂಟೋನಿಯೋದವರು ಚೆಂಡು ಮುಟ್ಟಿದಾಗಲೆಲ್ಲ ಕೂಗಿ ಹೀಯಾಳಿಸಿದರು. ಅದೇ ಆಟದಲ್ಲಿ ಡೆರೋಜನ್ 21 ಪಾಯಿಂಟು, 14 ರಿಬೌಂಡು, 11 ಅಸಿಸ್ಟು ಮಾಡಿದ. ಈ ಮೂರೂ ಎರಡಂಕಿಗೆ ಹೋಗುವುದು ಅವನ ಜೀವಮಾನದಲ್ಲಿ ಅದೇ ಮೊದಲು. 125-107ಕ್ಕೆ ಸ್ಪರ್ಸ್ ಗೆದ್ದರು. ಮಗನ ದನಿ ಸಣ್ಣದಾಗಿತ್ತು. ತಮಿಳು ಹುಡುಗ ತನ್ನ ತಂಡ ಸೋತದ್ದಕ್ಕೆ ಖುಷಿಪಟ್ಟ ಒಂದೇ ದಿನ ಅದಂತೆ.

ಫೆಬ್ರವರಿ 22ಕ್ಕೆ ಡೆರೋಜನ್ ಟೊರೊಂಟೊಕ್ಕೆ ಬಂದ. ಎದುರಾಳಿಯ ಅಂಗಿಯಲ್ಲಿ. ಅವನ ಒಂಬತ್ತು ವರ್ಷದ ವಿಡಿಯೋ ತೋರಿಸಿದರು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಬಹಳ ಹೊತ್ತು. ನನಗೆ ಬೇಕಾದದ್ದು ಅದರ ನಂತರದ್ದು. ಆಟ ಮುಗಿಯಲು 15 ಸೆಕೆಂಡಿನಷ್ಟು ಇರುವಾಗ ಸ್ಪರ್ಸ್ ಒಂದು ಪಾಯಿಂಟು ಮುಂದೆ. ಚೆಂಡು ಡೆರೋಜನ್ ಕೈಯಲ್ಲಿ. ಲೆನಾರ್ಡ್ ಅದನ್ನು ಕಿತ್ತುಕೊಂಡು ಓಡಿಹೋಗಿ ರಿಂಗಿಗೆ ಹಾಕಿದ. 120-117. ಅದೇ ಜನ, ಈಗಷ್ಟೇ ಡೆರೋಜನ್‌ಗಾಗಿ ಕಣ್ಣೊರೆಸಿಕೊಂಡವರು, ಕುರ್ಚಿಯಿಂದ ಹಾರಿ ಕುಣಿದರು. ಇದನ್ನು ಕೆಲವರು ಕಪಟ ಎಂದು ಹೇಳುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಮದುವೆಯಾದ ಮಗಳನ್ನು ಕಳಿಸಿ ಅಳುವ ಮನೆಯಲ್ಲೇ ಸಂಜೆ ಸೊಸೆಯನ್ನು ಇದಿರುಗೊಂಡು ಆರತಿ ಎತ್ತುವುದಿಲ್ಲವೇ? ಎರಡೂ ನಿಜವೇ ಆಗಿರುತ್ತದೆ. ತಮಿಳು ಹುಡುಗ ಅಂದು ಟಿಕೆಟು ತೆಗೆದು ಹೋಗಿದ್ದ. ಹೋಗುವಾಗ ಡೆರೋಜನ್‌ನ 10ನೇ ನಂಬರಿನ ಅಂಗಿ ಹಾಕಿಕೊಂಡು ಹೋದವನು, ಬರುವಾಗ ಲೆನಾರ್ಡ್‌ನ 2ನೇ ನಂಬರಿನದ್ದನ್ನೂ ಕೊಂಡು ತಂದ ಎಂದು ಮಗ ತಮಾಷೆ ಮಾಡಿದ.

ಆ ತಿಂಗಳಲ್ಲೇ ಇನ್ನೊಂದು ಟ್ರೇಡ್ ಆಗಿತ್ತು. ಏಳು ವರ್ಷ ಇದ್ದ ಲಿಥುವೇನಿಯದ ಯೋನಸ್ ವಾಲನ್‌ಚ್ಯೂನಸ್ ಮತ್ತು ಇಬ್ಬರನ್ನು ಕೊಟ್ಟು ಮಾರ್ಕ್ ಗಸೋಲ್‌ನನ್ನು ತಂದದ್ದು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಮೊದಲನೆಯವನನ್ನು ಕಳಿಸುವಾಗ ಇದ್ದ ನೋವು ಎರಡನೆಯವನಿಗೆ ಅಷ್ಟು ಇರುವುದಿಲ್ಲ ಎಂದು ಕಾಣುತ್ತದೆ.

ಮೇ 12ರ ಫಿಲಡೆಲ್ಫಿಯಾ ಆಟವನ್ನು ಕಂಡವರು ಮರೆಯಲಿಕ್ಕಿಲ್ಲ. ಏಳನೆಯ, ಕೊನೆಯ ಆಟ, 90-90, ಉಳಿದದ್ದು ನಾಲ್ಕು ಸೆಕೆಂಡು. ಲೆನಾರ್ಡ್ ಮೂಲೆಗೆ ಓಡಿ, ಏಳಡಿಯ ಎದುರಾಳಿಯ ಕೈಯ ಮೇಲಿಂದ ಎಸೆದ. ಗಂಟೆ ಹೊಡೆಯಿತು. ಚೆಂಡು ರಿಂಗಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಒಂದು ವರ್ಷದ ಚರ್ಚೆ, ಪಟ್ಟಿ, ಸಂಬಳದ ಲೆಕ್ಕ ಎಲ್ಲ ಆ ನಾಲ್ಕು ಪುಟಿತದ ಮೇಲೆ ನಿಂತಿತ್ತು. ಹೊರಗೆ ಬಿದ್ದಿದ್ದರೆ? ಇನ್ನೂ ಐದು ನಿಮಿಷ ಆಡಬೇಕಾಗಿತ್ತು, ಅಲ್ಲಿ ಸೋತಿದ್ದರೆ ಉಜಿರಿಯವರನ್ನು ಮನೆಗೆ ಕಳಿಸಿ ಎಂದು ಅದೇ ಊರು ಕೂಗುತ್ತಿತ್ತು. ಆಟದ ತಂತ್ರದ ಬಗ್ಗೆ ಗೆದ್ದ ಮೇಲೆ ಮಾತಾಡುವವರೆಲ್ಲ ಈ ಚೆಂಡನ್ನು ಸ್ವಲ್ಪ ನೆನಪಿಡಬೇಕು.

ಜೂನ್ 13ರ ರಾತ್ರಿ, ನಮಗೆ 14ರ ಬೆಳಿಗ್ಗೆ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು ಆರನೆಯ ಆಟದಲ್ಲಿ 114-110ಕ್ಕೆ ಸೋಲಿಸಿ ಟೊರೊಂಟೊ ಗೆದ್ದಿತು. ಅಮೆರಿಕದ ಹೊರಗಿನ ತಂಡ ಗೆದ್ದದ್ದು ಅದೇ ಮೊದಲು. ಎದುರಿನವರಲ್ಲಿ ಕೆವಿನ್ ಡ್ಯುರಾಂಟ್ ಗಾಯಗೊಂಡು ಹೊರಗಿದ್ದ, ಕ್ಲೇ ಥಾಂಪ್ಸನ್ ಅದೇ ಆಟದಲ್ಲಿ ಬಿದ್ದು ಮೊಣಕಾಲು ಕೆಡಿಸಿಕೊಂಡ, ಅದನ್ನೂ ಹೇಳಬೇಕು. ನಾನು ವಾಚನಾಲಯಕ್ಕೆ ಹೋಗಿ ಸುದ್ದಿ ಹೇಳಿದರೆ ಕೇಳುವವರಿಲ್ಲ. ಹಿಂದಿನ ದಿನ ಇಂಗ್ಲೆಂಡಿನಲ್ಲಿ ಭಾರತ-ನ್ಯೂಜಿಲೆಂಡ್ ವಿಶ್ವಕಪ್ ಪಂದ್ಯ ಒಂದು ಚೆಂಡೂ ಎಸೆಯದೆ ಮಳೆಗೆ ಹೋಗಿತ್ತು, ಎಲ್ಲರೂ ಅದರ ಬೇಸರದಲ್ಲಿದ್ದರು.

ಗೆದ್ದವರಿಗೆ ದೊಡ್ಡ ಉಂಗುರ ಮಾಡಿಸಿಕೊಡುವ ಕ್ರಮ ಅಲ್ಲಿ ಉಂಟು. ಒಂದು ಉಂಗುರ ನವ್ ಭಾಟಿಯಾ ಎಂಬ ಸಿಖ್ಖರಿಗೂ ಸಿಕ್ಕಿತು. 1984ರಲ್ಲಿ ಕೆನಡಾಕ್ಕೆ ಹೋಗಿ, ಎಂಜಿನಿಯರಾದರೂ ಆ ಕೆಲಸ ಸಿಗದೆ ಕಾರು ಮಾರಿ ಮೇಲೆ ಬಂದವರು, ತಂಡ ಹುಟ್ಟಿದ ವರ್ಷದಿಂದ ಅಲ್ಲಿಯ ತನಕ ಊರಿನ ಒಂದು ಆಟವನ್ನೂ ತಪ್ಪಿಸದಿದ್ದ ಅಭಿಮಾನಿ. ಪಂಜಾಬಿ ಹುಡುಗನಿಗೆ ಆಟಗಾರರಿಗಿಂತ ಅವರ ಮೇಲೆಯೇ ಹೆಚ್ಚು ಹೆಮ್ಮೆ. ನನ್ನಾಕೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಆ ಮೊದಲಿನ ಹುಡುಗನಿಗೆ ಉಂಗುರ ಕೊಟ್ಟರಾ?" ಇಲ್ಲ. ಆ ವರ್ಷ ಆ ತಂಡದಲ್ಲಿ ಅವನಿರಲಿಲ್ಲ.

ಜುಲೈಯಲ್ಲಿ ಲೆನಾರ್ಡ್ ಸ್ವತಂತ್ರನಾದ. ಟೊರೊಂಟೊದ ಹೋಟೆಲುಗಳು ಉಳಿದರೆ ಬದುಕಿಡೀ ಊಟ ಪುಕ್ಕಟೆ ಎಂದವು. ಅವನು ಲಾಸ್ ಏಂಜಲಿಸ್‌ನ ಕ್ಲಿಪ್ಪರ್ಸ್ ತಂಡಕ್ಕೆ ಹೋದ. ಆಶ್ಚರ್ಯವೆಂದರೆ ಕಾರ್ಟರ್ ಹೋದಾಗ ಆದಂಥ ಸಿಟ್ಟು ಊರಿನಲ್ಲಿ ಆಗಲಿಲ್ಲ. ಒಂದು ವರ್ಷಕ್ಕೆ ಬಂದ, ಕೊಡಬೇಕಾದದ್ದನ್ನು ಕೊಟ್ಟ, ಹೋದ. ಉಳಿಯುತ್ತೇನೆ ಎಂದು ಅವನು ಒಂದು ಸಾರಿಯೂ ಹೇಳಿರಲಿಲ್ಲ. ಸ್ಯಾನ್ ಆಂಟೋನಿಯೋದವರು ಅವನನ್ನು ಹೀಯಾಳಿಸಿದ್ದೂ ಟೊರೊಂಟೊದವರು ಕೈಬೀಸಿ ಕಳಿಸಿದ್ದೂ ಇದೇ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ. ಜನ ಬಿಟ್ಟುಹೋಗುವುದನ್ನು ತಡೆದುಕೊಳ್ಳುತ್ತಾರೆ. ಗೊತ್ತಿಲ್ಲದೆ ಇದ್ದದ್ದನ್ನು ತಡೆದುಕೊಳ್ಳುವುದಿಲ್ಲ.

ಹಾಗಾದರೆ ಡೆರೋಜನ್‌ನನ್ನು ಕೊಟ್ಟದ್ದು ಸರಿಯೋ? ಮಗ ಈಗಲೂ ಕೇಳುತ್ತಾನೆ, ನನ್ನಿಂದ ಹೌದು ಅನ್ನಿಸಲಿಕ್ಕೆ. ಆಟದ ಮಟ್ಟಿಗೆ ಸರಿ, ನನಗೆ ಸಂಶಯವಿಲ್ಲ. ಇದ್ದ ತಂಡದ ಶಕ್ತಿ ಎಷ್ಟೆಂದು ಮೂರು ವರ್ಷದಲ್ಲಿ ಗೊತ್ತಾಗಿತ್ತು, ದಾರಿ ತೆರೆದದ್ದು ಒಂದೇ ವರ್ಷಕ್ಕೆ. ಉಜಿರಿಯವರು ಆ ವರ್ಷವನ್ನು ಗುರುತಿಸಿದರು. ಆದರೆ ಅವನನ್ನು ಕರೆದು ಕೂರಿಸಿ, "ನಿನ್ನನ್ನು ಕೊಡಬೇಕಾಗಿ ಬರಬಹುದು" ಎಂದು ನೇರವಾಗಿ ಹೇಳಿದ್ದರೆ ಟ್ರೇಡ್ ಕೆಡುತ್ತಿತ್ತು ಎಂದು ಮಗ ವಾದಿಸುವಾಗ ನಾನು ಒಪ್ಪುವುದಿಲ್ಲ. ಅವನಿಗೆ ತಡೆಯುವ ಹಕ್ಕೇ ಇಲ್ಲದ ಮೇಲೆ ಕೆಡುವುದು ಹೇಗೆ? ಹೇಳಿದ್ದರೆ ಖರ್ಚಾಗುತ್ತಿದ್ದದ್ದು ಹೇಳುವವರ ಒಂದು ಕಷ್ಟದ ಗಂಟೆ ಮಾತ್ರ. ಸಂಬಳದ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಕೊಟ್ಟು ತಂದದ್ದರ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ಲೆನಾರ್ಡ್ ಕ್ಲಿಪ್ಪರ್ಸ್‌ಗೆ ಬರುವಾಗ ಜೊತೆಗೆ ಪಾಲ್ ಜಾರ್ಜ್ ಬೇಕಾದ. ಅವನಿಗಾಗಿ ಕ್ಲಿಪ್ಪರ್ಸ್ ಒಕ್ಲಹೋಮ ಸಿಟಿಗೆ ಇಬ್ಬರು ಆಟಗಾರರನ್ನೂ ಐದು ಮೊದಲ ಸುತ್ತಿನ ಸರದಿಗಳನ್ನೂ ಕೊಟ್ಟರು. ಆ ಇಬ್ಬರಲ್ಲಿ ಒಬ್ಬ ಶೇ ಗಿಲ್ಜಸ್-ಅಲೆಕ್ಸಾಂಡರ್, ಆಗ ಇಪ್ಪತ್ತು ಇಪ್ಪತ್ತೊಂದರ ಹುಡುಗ, ಹುಟ್ಟಿದ್ದು ಟೊರೊಂಟೊದಲ್ಲೇ, ಬೆಳೆದದ್ದು ಹತ್ತಿರದ ಹ್ಯಾಮಿಲ್ಟನ್ನಿನಲ್ಲಿ. ಆ ಸರದಿಗಳಲ್ಲಿ ಒಂದರಿಂದ 2022ರಲ್ಲಿ ಸಿಕ್ಕಿದವನು ಜೇಲನ್ ವಿಲಿಯಮ್ಸ್. 2025ರ ಜೂನ್‌ನಲ್ಲಿ ಒಕ್ಲಹೋಮ ಸಿಟಿ ಗೆದ್ದಿತು, ಶೇ ಆ ವರ್ಷದ ಶ್ರೇಷ್ಠ ಆಟಗಾರ. ಸ್ಯಾನ್ ಆಂಟೋನಿಯೋಗೆ ಟೊರೊಂಟೊದಿಂದ ಹೋದ ಸರದಿ 29ನೆಯದ್ದಾಗಿ ಬಂದು ಕೆಲ್ಡನ್ ಜಾನ್ಸನ್ ಎಂಬವನಾದ. ಪೋಲ್ಟಲ್ 2023ರಲ್ಲಿ ಇನ್ನೊಂದು ಟ್ರೇಡಿನಲ್ಲಿ ಪುನಃ ಟೊರೊಂಟೊಕ್ಕೇ ಬಂದ. ಹೊರಟ ಬಸ್ಸು ಸುತ್ತಿ ಅದೇ ಸ್ಟಾಪಿಗೆ ಬಂದ ಹಾಗೆ. ಉಳಿದ ಸಿಯಾಕಮ್, ಅನುನೊಬಿ ಇಬ್ಬರನ್ನೂ ಕೊನೆಗೆ ಟೊರೊಂಟೊ ಬೇರೆ ತಂಡಗಳಿಗೆ ಕೊಟ್ಟಿತು. 2025ರ ಜೂನ್ ಕೊನೆಯಲ್ಲಿ ಉಜಿರಿಯವರನ್ನೂ ಸಂಸ್ಥೆ ಬೀಳ್ಕೊಟ್ಟಿತು. ಡೆರೋಜನ್ ಸ್ಯಾನ್ ಆಂಟೋನಿಯೋದಲ್ಲಿ ಮೂರು ವರ್ಷ, ಆ ಮೇಲೆ ಶಿಕಾಗೊ, 2024ರಲ್ಲಿ ಸ್ಯಾಕ್ರಮೆಂಟೊ.

ಆ ಹುಡುಗರ ಶನಿವಾರದ ಸಭೆ ಈಗಲೂ ಉಂಟು, ಇಬ್ಬರಿಗೆ ಮದುವೆಯಾಗಿ ಸ್ವಲ್ಪ ತಡವಾಗಿ ಶುರುವಾಗುತ್ತದಂತೆ. ಹೊಸ ತಾರೆಗಳ ಹೆಸರು, ಹೊಸ ಪಟ್ಟಿ. ತಮಿಳು ಹುಡುಗನ ಕಪಾಟಿನಲ್ಲಿ 2ನೇ ನಂಬರಿನ ಅಂಗಿ ಈಗ ಇಲ್ಲ, ತಮ್ಮನಿಗೆ ಕೊಟ್ಟ. 10ನೆಯದ್ದನ್ನು ಅವನು ಮನೆಯಲ್ಲಿ ಹಿಮ ಗೋರುವಾಗ ಕೂಡ ಸ್ವೆಟರಿನ ಮೇಲೆ ಹಾಕಿಕೊಳ್ಳುತ್ತಾನಂತೆ. ಮೊನ್ನೆ ಮಗ ಅದರ ಫೋಟೋ ಕಳಿಸಿದ್ದ. ಬಣ್ಣ ಹೋಗಿ ಅಂಕಿ ಮಾತ್ರ ಕಾಣುತ್ತದೆ.